ಮೀನಖಂಡದ ಅಡಿಯಲ್ಲಿ

ಪೈಲ್ವಾನ್ ಮರಿಲಿಂಗನ ಕಾಲಿನಲ್ಲಿ, ಉಬ್ಬಿದ ಮೀನಖಂಡದ ಅಡಿಗೆ, ಚಪ್ಪಟೆಯಾದ ಒಳಸ್ನಾಯುವೊಂದು ಒಂಟಿಯಾಗಿತ್ತು. ಅವನು ನೆಟ್ಟಗೆ ನಿಂತು ಹಿಮ್ಮಡಿ ಎತ್ತಿದಾಗಲೆಲ್ಲ ಗರಡಿಯ ಉಸ್ತಾದರು ಮೀನಖಂಡವನ್ನು ತಟ್ಟಿ ಮೆಚ್ಚುತ್ತಿದ್ದರು. ಆ ತಟ್ಟು ಒಳಗಿನವರೆಗೆ ಬರುತ್ತಿರಲಿಲ್ಲ.

"ನಾನೂ ಎತ್ತುತ್ತಿದ್ದೇನೆ," ಎಂದಿತು ಒಳಸ್ನಾಯು.

"ಸುಮ್ಮನಿರಯ್ಯ. ಮೀನು ನಾನು, ನೀನು ಅಡಿಯ ಕೆಸರು," ಎಂದಿತು ಮೀನಖಂಡ.

ಒಂದು ದಿನ ಉಸ್ತಾದರು ಮರಿಲಿಂಗನನ್ನು ಕೂರಿಸಿ, ತೊಡೆಯ ಮೇಲೆ ಕಲ್ಲುಗುಂಡನ್ನಿಟ್ಟು, "ಈಗ ಎತ್ತಪ್ಪ ಹಿಮ್ಮಡಿ," ಎಂದರು. ಮಂಡಿಯ ಮೇಲಿನಿಂದ ಇಳಿದುಬಂದಿದ್ದ ಮೀನಖಂಡ, ಮಂಡಿ ಬಾಗಿದ್ದರಿಂದ ಸಡಿಲಗೊಂಡಿತು; ಮಂಡಿಯ ಕೆಳಗಿನಿಂದಲೇ ಶುರುವಾಗುವ ಒಳಸ್ನಾಯು ಮಾತ್ರ ಬಿಗಿಯಾಗಿಯೇ ಇತ್ತು.

"ನನ್ನಿಂದ ಎಳೆಯಲಾಗುತ್ತಿಲ್ಲ. ಅಣ್ಣಾ, ಅಲ್ಲಿದ್ದೀಯಾ?" ಎಂದಿತು ಮೀನಖಂಡ.

"ಇಲ್ಲದೆ ಎಲ್ಲಿಗೆ ಹೋಗಲಿ?" ಎಂದ ಒಳಸ್ನಾಯು ಕಲ್ಲನ್ನು ಮೆಲ್ಲಗೆ ಮೇಲಕ್ಕೆತ್ತಿತು.

ಉಸ್ತಾದರು ಎಂದಿನಂತೆ ಮೀನಖಂಡವನ್ನೇ ತಟ್ಟಿದರು. ಅದು ಮೆತ್ತಗಾಗಿದ್ದುದರಿಂದ ಆ ತಟ್ಟು ಮೊದಲ ಸಲ ಒಳಗಿನವರೆಗೂ ಇಳಿಯಿತು.