ಬರೆದವನು ಕುಡಿಯಬೇಕು

ಮಾಕವ್ವೆ ಎಂಬ ವೈದ್ಯೆಯ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ಒಂದು ಔಷಧಗ್ರಂಥ ಸಿದ್ಧವಾಗಲು ಹನ್ನೊಂದು ವರ್ಷ ಹಿಡಿಯಿತು. ತಾಳೆಯೋಲೆಗಳು ಅರವತ್ತೆರಡು. ಒಂದೊಂದು ಓಲೆಗೆ ಒಂದೊಂದು ಔಷಧ.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಗ್ರಂಥದ ಕೊನೆಗೆ ತನ್ನ ಹೆಸರು ಬರೆಯುವ ಮೊದಲು, ಬರೆದವನು ತಾನು ಬರೆದ ಔಷಧವನ್ನು ಎಲ್ಲರ ಎದುರು ಕುಡಿಯಬೇಕು.

ಯಾವುದನ್ನು ಎಂದು ಅವನು ಆರಿಸುವಂತಿಲ್ಲ. ಬಂದ ಅತಿಥಿ ಕಣ್ಣು ಮುಚ್ಚಿ ಓಲೆಗಳ ಕಟ್ಟಿನೊಳಗೆ ಒಂದು ಕಡ್ಡಿ ತೂರಿಸುತ್ತಾನೆ. ಕಡ್ಡಿ ನಿಂತ ಓಲೆಯೇ ಓಲೆ.

ಔಷಧ ಮಾಡುವವರು ವೈದ್ಯದ ಗಂಧವಿಲ್ಲದವರಾಗಿರಬೇಕು. ಓದಿ ಹೇಳಿದಷ್ಟನ್ನು ಮಾತ್ರ ಮಾಡಬೇಕು. ಅದಕ್ಕೆ ಮೂರು ದಿನ ಹಿಡಿದರೆ ಎಲ್ಲರೂ ಮೂರು ದಿನ ಕಾದು ಕೂರುತ್ತಾರೆ.

ಮಾಕವ್ವೆಗೆ ಇಬ್ಬರು ಶಿಷ್ಯರು. ಹಿರಿಯಳು ಬಾಚಲೆ. ಬೇರು ಅಗೆದವಳು, ಕುಟ್ಟಿದವಳು, ರೋಗಿಗಳ ಬಳಿ ಕುಳಿತು ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂದು ಗುರುತು ಹಾಕಿಕೊಂಡವಳು. ಅವಳ ಗುರುತುಗಳೆಲ್ಲ ಬರಿಯ ಗದ್ಯ.

ಕಿರಿಯವನು ಕೇತ. ಆ ಗದ್ಯವನ್ನು ಕಂದಪದ್ಯಗಳಾಗಿ ಕಟ್ಟಿ ಓಲೆಯ ಮೇಲೆ ಕೊರೆದವನು.

ಅರಮನೆಯ ವಿದ್ವತ್ಸಭೆ ಗದ್ಯವನ್ನು ಎಣಿಸುತ್ತಿರಲಿಲ್ಲ. ಪದ್ಯದ ಓಲೆಗಳನ್ನು ಎಣಿಸುತ್ತಿತ್ತು. ಒಬ್ಬನ ಹೆಸರಿನಲ್ಲಿ ಅರವತ್ತು ಓಲೆಗಳಿದ್ದರೆ ಅವನಿಗೆ ಸಭೆಯಲ್ಲಿ ಪೀಠ.

ಕೇತನ ಹೆಸರಿನಲ್ಲಿ ಅರವತ್ತೆರಡು ಆಗುವುದಿತ್ತು.

ಮೊದಲ ಇಪ್ಪತ್ತು ಓಲೆಗಳನ್ನು ಮಾಕವ್ವೆ ಓದಿಸಿ ಕೇಳಿದ್ದರು. ಆಮೇಲೆ ಜ್ವರ ಬಂದು ಮಲಗಿದರು. ಎದ್ದು ಕೂರುವ ಹೊತ್ತಿಗೆ ಗ್ರಂಥ ಮುಗಿದಿತ್ತು. ಅರಮನೆಯ ಲಿಪಿಕಾರರು ಬಂದು ಹನ್ನೆರಡು ಪ್ರತಿಗಳನ್ನೂ ಮಾಡಿ ಮುಗಿಸಿದ್ದರು.

ಗ್ರಂಥವನ್ನು ಒಪ್ಪಿಸಿಕೊಳ್ಳಲು ಅರಮನೆಯ ಅಧಿಕಾರಿ ಬರುವುದಕ್ಕೆ ಇನ್ನು ನಾಲ್ಕು ದಿನವಿತ್ತು. ಅಂದು ಬೆಳಿಗ್ಗೆ ಬಾಚಲೆ ಹಿತ್ತಲಲ್ಲಿ ಒಂದು ಮಡಕೆಯನ್ನು ಬಗ್ಗಿಸಿ ಗಂಜಲ ಚೆಲ್ಲುತ್ತಿದ್ದಳು. ಮಡಕೆಯ ತಳದಲ್ಲಿ ಕಪ್ಪು ಬೇರಿನ ತುಂಡುಗಳಿದ್ದವು. ಕೀಲುನೋವಿಗೆ ಕೊಡುವ ನಂಜಿನ ಬೇರು.

"ಯಾಕಕ್ಕ ಚೆಲ್ಲುತ್ತೀಯ?" ಎಂದ ಕೇತ.

"ನಿನ್ನೆಯದು ಕಣೋ. ದಿನವೂ ಹಳೆಯದನ್ನು ಚೆಲ್ಲಿ ಹೊಸದನ್ನು ಹಾಕಬೇಕು. ಮೂರು ದಿನ."

"ಹಾಕದಿದ್ದರೆ?"

"ಬಿಟ್ಟ ನಂಜನ್ನು ಬೇರು ಮತ್ತೆ ಕುಡಿಯುತ್ತದೆ. ಎರಡನೆಯ ವರ್ಷ ಒಂದು ಕರು ಸತ್ತಿತ್ತು, ನೀನಾಗ ಬಂದಿರಲಿಲ್ಲ. ಇದರಿಂದಲೇ. ಮೊದಲು ತುಟಿ ಅದುರಿತು. ಆಮೇಲೆ ಕಾಲು ಹೋಯಿತು. ಕಣ್ಣು ಮಾತ್ರ ಕೊನೆಯವರೆಗೂ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು."

ಅವಳು ಮಡಕೆಗೆ ಹೊಸ ಗಂಜಲ ಸುರಿದಳು.

"ಪದ್ಯದಲ್ಲಿ ಹಾಕಿದ್ದೀಯಲ್ಲ?"

"ಹಾಕಿದ್ದೇನೆ," ಎಂದ ಕೇತ.

ಅವನು ಹಾಕಿರಲಿಲ್ಲ.

ಮೂವತ್ತೊಂದನೆಯ ಓಲೆ. ಮೂರು ದಿನ ನೆನೆಸಬೇಕೆಂಬುದು ಪದ್ಯದಲ್ಲಿ ಕೂತಿತ್ತು. ದಿನವೂ ಚೆಲ್ಲಿ ಹೊಸದು ಹಾಕಬೇಕೆಂಬುದು ಕೂರಲಿಲ್ಲ. ಕೂರಿಸಿದರೆ ಕಂದದ ಗಣದಲ್ಲಿ ಮಾತ್ರೆ ಹೆಚ್ಚುತ್ತಿತ್ತು, ಪ್ರಾಸ ಕೆಡುತ್ತಿತ್ತು. ಚೆಲ್ಲುವುದು ಅಡುಗೆಮನೆಯ ಮಾತು, ಕಾವ್ಯಕ್ಕೆ ಬೇಡ ಎಂದುಕೊಂಡು ಅವನು ಅದನ್ನು ಬಿಟ್ಟಿದ್ದ. ಬಿಟ್ಟ ಮೇಲೆ ಪದ್ಯ ಬಹಳ ಚೆನ್ನಾಗಿತ್ತು.

ಓಲೆಯ ಮೇಲೆ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಪ್ರತಿಗಳ ಕಟ್ಟುಗಳ ಮೇಲೆ ಅರಮನೆಯ ಮುದ್ರೆ ಬಿದ್ದಿತ್ತು. ತಿದ್ದಬೇಕಾದರೆ ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಪೀಠ ಸಿಗಲಾರದೆಂದು ಅವನಿಗೆ ಅನಿಸಿತು.

ಅರವತ್ತೆರಡರಲ್ಲಿ ಒಂದು, ಎಂದುಕೊಂಡ ಕೇತ. ಕಡ್ಡಿ ಅಲ್ಲಿಗೇ ಯಾಕೆ ಹೋಗುತ್ತದೆ?

ಆ ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ತುಟಿ ಅದುರಿದಂತಾಗುತ್ತಿತ್ತು. ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದುರುತ್ತಿರಲಿಲ್ಲ. ಕೈ ತೆಗೆದರೆ ಮತ್ತೆ ಅದುರಿದಂತಾಗುತ್ತಿತ್ತು.

ಅವನು ಮಾಕವ್ವೆಯ ಬಳಿ ಹೋದ.

"ಅವ್ವ, ಗ್ರಂಥ ಯಾರದು? ಸಾಮಗ್ರಿ ತಂದವರದೋ, ಅದಕ್ಕೆ ರೂಪ ಕೊಟ್ಟವರದೋ?"

ಮಾಕವ್ವೆ ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಕುಡಿ."

ಅವನು ಗಟಗಟನೆ ಕುಡಿದ. ಬಾಯಿ ಒಣಗಿತ್ತು.

"ಯಾರು ತುಂಬಿಟ್ಟ ನೀರು ಎಂದು ಕೇಳಲಿಲ್ಲ ನೀನು."

"ನೀವು ಕೊಟ್ಟಿರಲ್ಲ ಅವ್ವ. ಕೇಳುವುದೇನು?"

"ಓದುವವರೂ ಕೇಳುವುದಿಲ್ಲ," ಎಂದರು ಮಾಕವ್ವೆ.

ಅವ್ವನಿಗೆ ತಿಳಿದಿದೆಯೇ? ಕೇತ ಅವರ ಮುಖ ನೋಡಿದ. ಅವರು ಆಗಲೇ ಬೇರೆ ಕೆಲಸಕ್ಕೆ ತಿರುಗಿದ್ದರು.

ನಾಲ್ಕನೆಯ ದಿನ ಅಧಿಕಾರಿ ಬಂದ. ಜೊತೆಗೆ ಅವನ ಪಟ್ಟಿಯೂ ಬಂತು. ಯಾರ ಹೆಸರಿಗೆ ಎಷ್ಟು ಓಲೆ ಎಂದು ಅದರಲ್ಲಿ ಗೆರೆ ಎಳೆದು ಬರೆದಿತ್ತು.

"ಅರವತ್ತೆರಡು!" ಎಂದ ಅಧಿಕಾರಿ. "ಈ ವರ್ಷ ಇಷ್ಟು ದಪ್ಪದ ವಿದ್ವಾಂಸ ಇನ್ನೊಬ್ಬನಿಲ್ಲ. ಈ ಬಾಚಲೆ ಯಾರು?"

"ಔಷಧಗಳನ್ನು ಕಂಡುಹಿಡಿದವಳು," ಎಂದರು ಮಾಕವ್ವೆ.

"ಪದ್ಯ?"

"ಬರೆದಿಲ್ಲ."

"ಹಾಗಾದರೆ ಸೊನ್ನೆ," ಎಂದು ಅಧಿಕಾರಿ ಗೆರೆ ಎಳೆದ.

ಬಾಚಲೆ ನಕ್ಕಳು. "ಬರೆದುಕೊಳ್ಳಿ ಸ್ವಾಮಿ. ಸೊನ್ನೆ ಹೊರಲು ಹಗುರ."

ಔಷಧ ಮಾಡಲು ಅಂಬಿಗನ ಹೆಂಡತಿ ದುಗ್ಗವ್ವನನ್ನು ಕರೆಸಿದ್ದರು. ಪ್ರತಿಗಳನ್ನು ಹನ್ನೆರಡು ಊರುಗಳಿಗೆ ಒಯ್ಯಲು ಬಂದಿದ್ದ ದೋಣಿ ಅವಳ ಗಂಡನದೇ.

"ನನಗೆ ಇದೆಲ್ಲ ಬರಲ್ಲ ಕಣ್ರವ್ವ," ಎಂದಳು ದುಗ್ಗವ್ವ.

"ಬರಬಾರದು. ಹೇಳಿದಷ್ಟು ಮಾಡು," ಎಂದರು ಮಾಕವ್ವೆ.

"ಕಟ್ಟಿಕೊಂಡ ಗಂಡ ಹೇಳಿದ್ದನ್ನೇ ಮಾಡದವಳು ನಾನು. ಈ ಗರಿ ಹೇಳಿದ್ದು ಮಾಡಬೇಕಾಯ್ತಲ್ಲ!"

ಎಲ್ಲರೂ ನಕ್ಕರು. ಕೇತನಿಗೆ ನಗು ಬರಲಿಲ್ಲ.

ಅಧಿಕಾರಿ ಕಣ್ಣು ಮುಚ್ಚಿದ. ಕಡ್ಡಿ ಕಟ್ಟಿನ ಮೇಲೆ ಓಡಾಡಿತು. ನಡುವಿನಲ್ಲಿ ನಿಂತಿತು. ಮೂವತ್ತೊಂದು ಅಲ್ಲೇ ಎಲ್ಲೋ ಇತ್ತು. ಕಡ್ಡಿ ಸ್ವಲ್ಪ ಕೆಳಗೆ ಸರಿದು ಒಳಗೆ ಹೋಯಿತು.

"ನಲವತ್ತನಾಲ್ಕು."

ಕೆಮ್ಮಿನ ಕಷಾಯ. ಶುಂಠಿ, ಮೆಣಸು, ಆಡುಸೋಗೆ.

ಕೇತ ಕಂಬಕ್ಕೆ ಒರಗಿ ನಿಂತ. ಬದುಕಿದೆ, ಎಂದುಕೊಂಡ.

ಬಾಚಲೆ ಓಲೆ ಹಿಡಿದು ಓದಿ ಅರ್ಥ ಹೇಳುತ್ತ ಹೋದಳು. ದುಗ್ಗವ್ವ ಹೇಳಿದಂತೆ ಮಾಡುತ್ತ ಹೋದಳು. ಕುಟ್ಟು ಎಂದರೆ ಕುಟ್ಟಿದಳು. ನಾಲ್ಕು ಪಾಲು ನೀರು ಎಂದರೆ ಅಳೆದು ಸುರಿದಳು. ಒಂದು ಪಾಲಿಗೆ ಇಳಿಸು ಎಂದರೆ ಒಲೆಯ ಮುಂದೆ ಕುಳಿತು ಅಷ್ಟಕ್ಕೇ ಇಳಿಸಿದಳು. ಒಂದು ಮಾತನ್ನೂ ಎದುರಾಡಲಿಲ್ಲ.

"ಆಯ್ತಾ?"

ಬಾಚಲೆ ಓಲೆಯನ್ನು ತಿರುಗಿಸಿ ನೋಡಿದಳು. "ಆಯಿತು."

"ಸೋಸೋದು ಬೇಡ್ವಾ?"

ಬಾಚಲೆ ಮತ್ತೊಮ್ಮೆ ಓದಿದಳು. ಕೇತನ ಕಡೆ ನೋಡಿದಳು. "ಪದ್ಯದಲ್ಲಿ ಇಲ್ಲ."

"ಇಲ್ಲ ಅಂದ್ರೆ ಇಲ್ಲ," ಎಂದು ದುಗ್ಗವ್ವ ಪುಡಿ, ಸೊಪ್ಪು, ನಾರು ಸಮೇತ ಬಟ್ಟಲಿಗೆ ಬಗ್ಗಿಸಿ ಕೇತನ ಕೈಗಿತ್ತಳು.

ಅವನು ಕುಡಿದ. ನಾರು ಗಂಟಲಿಗೆ ಸಿಕ್ಕಿತು. ಕೆಮ್ಮಿದ. ಕಣ್ಣಲ್ಲಿ ನೀರು ಬಂತು.

"ಕೆಮ್ಮಿನ ಔಷಧ ಕುಡಿದು ಕೆಮ್ಮಿದವನು ಇವನೊಬ್ಬನೇ!" ಎಂದ ಅಧಿಕಾರಿ.

ಮತ್ತೆ ಎಲ್ಲರೂ ನಕ್ಕರು.

ಸೋಸುವುದನ್ನು ಬಿಟ್ಟದ್ದು ಕೇತನಿಗೆ ನೆನಪೇ ಇರಲಿಲ್ಲ.

ಮಾಕವ್ವೆ ಕೊನೆಯ ಓಲೆಯನ್ನೂ, ಅಕ್ಷರ ಕೊರೆಯುವ ಕಬ್ಬಿಣದ ಕಂಟವನ್ನೂ ಅವನ ಮುಂದಿಟ್ಟರು. ಅಂಬಿಗರು ಹನ್ನೆರಡು ಕಟ್ಟುಗಳನ್ನು ದೋಣಿಗೆ ಏರಿಸುತ್ತಿದ್ದರು.

ಕೇತ ಕಂಟ ಹಿಡಿದ.

ದುಗ್ಗವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವನ ಹತ್ತಿರ ಬಂದು ಕುಳಿತಳು.

"ತಮ್ಮಾ, ಇದರಲ್ಲಿ ಕೀಲುನೋವಿಗೂ ಐತಂತಲ್ಲ? ನಮ್ಮತ್ತೆಗೆ ಎರಡು ವರ್ಷದಿಂದ ಮಂಡಿ ಮಡಚಕ್ಕಾಗಲ್ಲ. ನಮ್ಮ ದೋಣೀಲೇ ಹೋಗ್ತೈತೆ ಗರಿ. ಆಚೆ ದಡದಲ್ಲಿ ಅಯ್ಯನೋರ ಕೈಲಿ ಓದಿಸ್ತೀನಿ."

ಕೇತ ಅವಳನ್ನು ನೋಡಿದ.

"ನೀನೇ ನೋಡಿದ್ಯಲ್ಲ, ಹೇಳಿದ್ದಕ್ಕೆ ಒಂದು ಹೆಚ್ಚು ಮಾಡಲ್ಲ, ಒಂದು ಕಮ್ಮಿ ಮಾಡಲ್ಲ. ನಾಳೇನೇ ಮಾಡ್ತೀನಿ."

"ಬೇಡ," ಎಂದ ಕೇತ.

"ಯಾಕಪ್ಪ, ಬಡವರು ಮಾಡಬಾರ್ದಾ?"

"ಬೇಡ! ಮಾಡಬೇಡ. ಅದನ್ನು ಮಾಡಬೇಡ." ಅವನು ಎದ್ದು ನಿಂತಿದ್ದ. ಕಂಟ ಕೆಳಗೆ ಬಿದ್ದಿತ್ತು. "ದೋಣಿ ನಿಲ್ಲಿಸಿ. ಅವ್ವ, ದೋಣಿ ನಿಲ್ಲಿಸಲು ಹೇಳಿ."

ಮಾಕವ್ವೆ ಕೈ ಎತ್ತಿದರು. ಅಂಬಿಗ ಹುಟ್ಟನ್ನು ಕೆಳಗಿಟ್ಟ.

"ಮೂವತ್ತೊಂದನೆಯ ಓಲೆಯಲ್ಲಿ ಒಂದು ಮಾತು ಇಲ್ಲ," ಎಂದ ಕೇತ. "ಗಂಜಲ ಚೆಲ್ಲುವ ಮಾತು. ದಿನವೂ ಹೊಸದು ಹಾಕುವ ಮಾತು."

ಬಾಚಲೆ ಮುಂದೆ ಬಂದಳು.

"ಹಾಕಿದ್ದೇನೆ ಅಂದೆಯಲ್ಲೋ ನನಗೆ?"

"ಸುಳ್ಳು ಹೇಳಿದೆ ಅಕ್ಕ."

"ಯಾಕೆ ಬಿಟ್ಟೆ?"

"ಪದ್ಯಕ್ಕೆ ಕೂರಲಿಲ್ಲ."

ಬಾಚಲೆ ದೋಣಿಯ ಕಡೆ ನೋಡಿದಳು, ದುಗ್ಗವ್ವನ ಕಡೆ ನೋಡಿದಳು, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಕೊಂದುಬಿಡುತ್ತಿದ್ದೆಯಲ್ಲೋ," ಎಂದಳು. "ಹನ್ನೆರಡು ಊರು."

ದುಗ್ಗವ್ವನಿಗೆ ನಿಧಾನವಾಗಿ ಅರ್ಥವಾಯಿತು. ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಇದೇ ಕೈಲಿ ಕುಡಿಸ್ತಿದ್ದೆ ನಾನು," ಎಂದಳು. "ಅವರು ಬೇಡ ಅಂದ್ರೂ ಬಾಯಿ ತೆಗೆಸಿ ಕುಡಿಸ್ತಿದ್ದೆ."

ಅಧಿಕಾರಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಹಾಗಾದರೆ ಒಂದು ಓಲೆ ಕಳೆಯೋಣ," ಎಂದ. "ಅರವತ್ತೊಂದು. ಆದರೂ ಪೀಠ ಸಿಗುತ್ತದೆ. ಸಾಲುವುದಿಲ್ಲವೇ?"

ಕೇತ ಬೇಡವೆಂದು ತಲೆಯಾಡಿಸಿದ.

"ನನಗೆ ಗೊತ್ತಿದ್ದದ್ದು ಒಂದು. ಸೋಸುವುದನ್ನು ಬಿಟ್ಟಿದ್ದು ಗೊತ್ತೇ ಇರಲಿಲ್ಲ. ಇನ್ನೆಷ್ಟಿವೆಯೋ."

"ಹೆಸರು ಯಾರದ್ದು ಬರೆದುಕೊಳ್ಳಲಿ ಮತ್ತೆ? ನಮ್ಮ ಪಟ್ಟಿಯಲ್ಲಿ ಖಾಲಿ ಬಿಡುವ ಕ್ರಮವಿಲ್ಲ."

"ಪಟ್ಟಿಯನ್ನು ನೀವು ಒಯ್ಯಿರಿ," ಎಂದರು ಮಾಕವ್ವೆ. "ಗ್ರಂಥ ಇಲ್ಲೇ ಇರಲಿ. ಮೂಲವೂ ಸೇರಿ ಹದಿಮೂರು ಕಟ್ಟೂ."

ಅಧಿಕಾರಿ ಏನೋ ಹೇಳಲು ಹೋಗಿ, ಮಾಕವ್ವೆಯ ಮುಖ ನೋಡಿ, ಪಟ್ಟಿ ಸುತ್ತಿಕೊಂಡ.

ದೋಣಿಯಿಂದ ಕಟ್ಟುಗಳು ಇಳಿದವು. ದುಗ್ಗವ್ವನೇ ಎರಡೆರಡು ಹೊತ್ತು ತಂದು ಜಗಲಿಯ ಮೇಲೆ ಇಟ್ಟಳು. ಕೇತನ ಕಡೆ ನೋಡದೆ ಹೊರಟಳು. ದಂಡೆಗೆ ಇಳಿದವಳು ನಿಂತು, ತಿರುಗಿ ಕೂಗಿದಳು.

"ಸರಿ ಮಾಡಿ ಇಡ್ರಪ್ಪ! ನಮ್ಮತ್ತೆ ಮಂಡಿ ಹಾಗೇ ಐತೆ!"

ಬಾಚಲೆ ಎದ್ದು ಒಳಗೆ ಹೋದಳು. ತನ್ನ ಹಳೆಯ ಗುರುತಿನ ಓಲೆಗಳನ್ನೆಲ್ಲ ತಂದು ಜಗಲಿಯ ಮೇಲೆ ಹರಡಿದಳು. ಅವು ಹೊಗೆ ಹಿಡಿದಿದ್ದವು, ಅಂಚು ಮುರಿದಿದ್ದವು, ಮಸಿ ಕಲೆ ಬಿದ್ದಿದ್ದವು. ಒಂದೊಂದರಲ್ಲೂ ದಿನ, ರೋಗಿಯ ಹೆಸರು, ಕೊಟ್ಟ ಅಳತೆ, ಆದ ಫಲ. ಕೆಲವು ಹೆಸರುಗಳ ಮುಂದೆ ಒಂದು ಅಡ್ಡಗೆರೆ ಮಾತ್ರ ಇತ್ತು. ಆ ಗೆರೆ ಏನೆಂದು ಕೇತ ಈವರೆಗೆ ಕೇಳಿರಲಿಲ್ಲ. ಈಗ ಕೇಳಬೇಕಾಗಲಿಲ್ಲ.

ಅವನು ಮಾಕವ್ವೆಯ ಕಾಲ ಬಳಿ ಕುಳಿತ.

"ನಾನು ಹೊರಡಲೇ ಅವ್ವ?"

"ಎಲ್ಲಿಗೆ?"

"ಎಲ್ಲಿಗಾದರೂ. ಇನ್ನು ನನ್ನಿಂದ ಬರೆಯಲು ಆಗುವುದಿಲ್ಲ. ಮೊದಲು ನಾನು ಕುಡಿಯಬೇಕಾದದ್ದಕ್ಕೆ ಹೆದರಿದ್ದೆ. ಆ ಹೆದರಿಕೆ ಕಷಾಯ ಕುಡಿದ ಮೇಲೆ ಹೋಯಿತು. ಈಗಿನದು ಹೋಗುತ್ತಿಲ್ಲ. ಒಂದೊಂದು ಪದ ನೋಡಿದರೂ ಇದನ್ನು ಯಾರು ಎಲ್ಲಿ ಕುಳಿತು ಕುಡಿಯುತ್ತಾರೋ ಎಂದು ಎದೆ ನಡುಗುತ್ತದೆ."

ಮಾಕವ್ವೆ ಒಂದು ಖಾಲಿ ಓಲೆಯನ್ನು ಅವನ ಮಡಿಲಲ್ಲಿಟ್ಟರು.

"ಬಾಚಲೆಗೆ ಈ ಹೆದರಿಕೆ ಮೊದಲ ದಿನದಿಂದ ಇದೆ," ಎಂದರು. "ನಿನಗೆ ಇವತ್ತು ಬಂತು. ಈಗ ಬರೆ."