ಹೆದರಿ ಬೆಳ್ಳಗಾದ ಕುಂಬಳಕಾಯಿ

ಆಯುಧಪೂಜೆಯ ದಿನ ಕೋಡಿಗುಡ್ಡದ ದೊರೆ ವೀರರಂಗ ನಾಯಕ ಒರೆಯಿಂದ ಕತ್ತಿ ಎಳೆದು, ಮೀಸೆಗೆ ಕೈ ಹಾಕಿ, ತುಂಬಿದ ಸಭೆಯಲ್ಲಿ ಗುಡುಗಿದ.

"ಈ ಕತ್ತಿ ಕಂಡು ಬೆವರದವರು ಯಾರಾದರೂ ಇದ್ದಾರೇನು?"

ಆಸ್ಥಾನದಲ್ಲಿ ನಗಿಸುವ ಕೆಲಸಕ್ಕಿದ್ದ ಕೆಂಚವ್ವ ಸುಮ್ಮನಿರುವ ಹೆಂಗಸಲ್ಲ. ಹಲ್ಲು ಬರುತ್ತಿದ್ದ ಮಗಳನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು, ಪೂಜೆಗೆ ಕಡಿಯಲು ಇಟ್ಟಿದ್ದ ಬೂದುಗುಂಬಳಕಾಯಿ ತೋರಿಸಿದಳು.

"ಯಾರಿದ್ದಾರೆ ಬುದ್ಧಿ? ಪಾಪ, ಈ ಕಾಯಿ ನೋಡಿ! ಹೆದರಿ ಬೆಳ್ಳಗಾಗಿಬಿಟ್ಟಿದೆ. ವರ್ಷ ವರ್ಷ ಈ ಕತ್ತಿಗೆ ಸಿಕ್ಕಿ ಸಾಯುತ್ತಿರುವುದು ಇದೊಂದೇ ವಂಶ!"

ಮೊದಲು ನಕ್ಕವನು ದೊರೆಯೇ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

ತನಗೆ ಅವಮಾನವಾಗಿದೆ ಎಂದು ಅವನಿಗೆ ತಿಳಿದದ್ದು ಮಾರನೆಯ ದಿನ, ದಳವಾಯಿ ಬಸವಂತಯ್ಯ ಬಂದು ಹೇಳಿದ ಮೇಲೆ.

"ಬುದ್ಧಿ, ಊರಿಗೆ ಊರೇ ಕುದಿಯುತ್ತಿದೆ. ಕೋಟೆ ಬಾಗಿಲಿಗೆ ಬಂದು ನೋಡಿ."

ಅಲ್ಲಿ ಜಾತ್ರೆಯಂತೆ ಜನ. ಕುಂಬಳಕಾಯಿ ಬೆಳೆಯುವವರು, "ನಮ್ಮ ಕಾಯಿಗೆ ಹೇಡಿ ಅಂದಳಂತೆ!" ಎಂದು ಕೂಗುತ್ತಿದ್ದರು. ಸಿಪಾಯಿಗಳು ತಮ್ಮ ಕತ್ತಿಗಳ ಮಾನ ಹೋಯಿತೆಂದು ಮುಖ ಗಂಟಿಕ್ಕಿದ್ದರು. ಎಲ್ಲರಿಗಿಂತ ಮುಂದೆ ನಿಂತು ಎದೆ ಬಡಿದುಕೊಳ್ಳುತ್ತಿದ್ದ ಗಾಣದ ಈರಣ್ಣನನ್ನು, ಮಗುವನ್ನೆತ್ತಿಕೊಂಡು ಅಲ್ಲಿಗೆ ಬಂದ ಕೆಂಚವ್ವ ಕೇಳಿದಳು:

"ಅಣ್ಣಾ, ನಾನು ಏನಂದೆ?"

"ಅದು ನನಗೇನು ಗೊತ್ತು? ಆದರೆ ಮನಸ್ಸಿಗೆ ಬಹಳ ನೋವಾಗಿದೆ ಕಣವ್ವಾ."

ದೊರೆ ತೀರ್ಪು ಕೊಟ್ಟೇಬಿಟ್ಟ. ಹೊತ್ತು ಮುಳುಗುವುದರೊಳಗೆ ಕೆಂಚವ್ವ ತನ್ನ ಗಂಡ, ಮಗುವಿನೊಂದಿಗೆ ಗಡಿ ದಾಟಬೇಕು. ಗಾಡಿಯೂ ಬಾಗಿಲಿಗೆ ಬಂತು.

ಮಗು ಜ್ವರದಿಂದ ಕೆಂಡವಾಗಿತ್ತು. ಕೆಂಚವ್ವ ಅದರ ಹಣೆಗೆ ಒದ್ದೆ ಸೆರಗು ಒತ್ತಿದಳು. ಆತಂಕವನ್ನು ಮುಖಕ್ಕೆ ಬರಗೊಡದೆ ದೊರೆಗೆ ಕೈಮುಗಿದಳು.

"ಆಗಲಿ ಬುದ್ಧಿ. ಮೊದಲು ಡಂಗುರ ಹೊಡೆಸಿ, ಆಮೇಲೆ ಹೊರಡುತ್ತೇನೆ."

ದೊರೆ ಹಣೆ ಚಚ್ಚಿಕೊಂಡ. ಅವನ ತಾತನ ಕಾಲದ ಕಟ್ಟಳೆ ಅದು. ಯಾರನ್ನೂ ಕದ್ದುಮುಚ್ಚಿ ಊರು ಬಿಡಿಸುವಂತಿಲ್ಲ. ಮಾಡಿದ ತಪ್ಪೇನು, ಶಿಕ್ಷೆಯೇನು ಎಂದು ದೊರೆಯ ಹೆಸರಿನಲ್ಲಿ ಊರೂರಿಗೆ ಸಾರಬೇಕು.

"ಸಾರಲಿ, ಅದಕ್ಕೇನಂತೆ?" ಎಂದ ದಳವಾಯಿ.

"ಏನೂ ಇಲ್ಲ ದಳವಾಯಿಗಳೇ. ಆ ಮಾತು ಕೇಳಿದ್ದು ಸಭೆಯಲ್ಲಿದ್ದ ಅರವತ್ತು ಜನ. ಈಗ ಅರವತ್ತು ಹಳ್ಳಿ ಕೇಳುತ್ತದೆ. ನಾನು ಬಾಯಿ ಮಾತಿನಲ್ಲಿ ಅಂದಿದ್ದೆ, ನೀವು ತಮಟೆ ಬಡಿದು ಹೇಳಿಸುತ್ತೀರಿ."

ದೊರೆಯ ಮುಖ ಕುಂಬಳಕಾಯಿಗಿಂತ ಬೆಳ್ಳಗಾಯಿತು.

ದಳವಾಯಿ ಸೋಲುವವನಲ್ಲ. "ಮಾತು ಯಾಕೆ ಹೇಳಬೇಕು? ಹೇಳಬಾರದ್ದೊಂದು ಹೇಳಿದಳು ಅಂತ ಸಾರಿದರಾಯಿತು!"

"ಆಹಾ, ಇನ್ನೂ ಒಳ್ಳೆಯದು," ಎಂದಳು ಕೆಂಚವ್ವ. "ಒಮ್ಮೆ ಈ ಬಾಗಿಲಲ್ಲೇ ಸಾರಿಸಿ ನೋಡೋಣ. ಬುದ್ಧಿಯವರು ಉಪ್ಪರಿಗೆಯಿಂದ ಕೇಳಿಸಿಕೊಳ್ಳಲಿ."

ಡಂಗುರದ ಗಿಡ್ಡಯ್ಯ ಗಂಟಲು ಸರಿಮಾಡಿಕೊಂಡು ತಮಟೆ ಬಡಿದ.

"ಕೇಳ್ರಪ್ಪೋ ಕೇಳಿ! ಕೆಂಚವ್ವ ದೊರೆಗಳ ಬಗ್ಗೆ ಹೇಳಬಾರದ್ದೊಂದು ಹೇಳಿದ್ದಕ್ಕೆ ಗಡಿಪಾರು!"

ಕೂಗುತ್ತಿದ್ದವರೆಲ್ಲ ಅದೇನಿರಬಹುದೆಂದು ಗಟ್ಟಿಯಾಗಿ ಊಹಿಸತೊಡಗಿದರು.

"ಗಡಿಪಾರು ಅಂದರೆ ಕುಂಬಳಕಾಯಿ ಮಾತಲ್ಲ ಬಿಡು. ಇನ್ನೇನೋ ದೊಡ್ಡದೇ ಅಂದಿರಬೇಕು."

"ಮೀಸೆಗೆ ಕಾಡಿಗೆ ಹಚ್ಚುತ್ತಾರಲ್ಲ, ಅದನ್ನು ಅಂದಿರಬೇಕು."

ಉಪ್ಪರಿಗೆಯಲ್ಲಿ ದೊರೆಯ ಕೈ ಮೀಸೆಗೆ ಹೋಯಿತು. ಹೋದಷ್ಟೇ ಬೇಗ ಕೆಳಗಿಳಿಯಿತು.

"ಅಯ್ಯೋ, ಅದು ಊರಿಗೇ ಗೊತ್ತು. ರಾಣಿಯಮ್ಮ ಗದರಿದರೆ ದೇವರಮನೆಗೆ ಓಡುವುದನ್ನು ಅಂದಿರಬೇಕು."

"ಥೂ, ಯಾವ ಗಂಡಸು ಓಡುವುದಿಲ್ಲ? ಅದಲ್ಲ," ಎಂದ ಗಾಣದ ಈರಣ್ಣ, ನೋವೆಲ್ಲ ಮರೆತು. "ಹಲ್ಲಿ ಕಂಡರೆ ಮಂಚ ಹತ್ತಿ ಕೂರುತ್ತಾರಲ್ಲ, ಅದೇ ಇರಬೇಕು!"

ಉಪ್ಪರಿಗೆಯಿಂದ ಅರ್ಧ ಮೈ ಹೊರಗೆ ಚಾಚಿ ದೊರೆ ಅಬ್ಬರಿಸಿದ.

"ಆ ಹಲ್ಲಿ ಸಂಗತಿ ಹೊರಗೆ ಬಿಟ್ಟವರು ಯಾರು?"

ಕೋಟೆ ಬಾಗಿಲು ಬಿರಿಯುವಂಥ ನಗೆ ಎದ್ದಿತು. ಕುಂಬಳಕಾಯಿಯವರು ಸಿಪಾಯಿಗಳ ಹೆಗಲ ಮೇಲೆ ಬಿದ್ದು ನಕ್ಕರು. ದಳವಾಯಿ ಉತ್ತರೀಯವನ್ನು ಬಾಯಿಗೆ ತುರುಕಿಕೊಂಡರೂ ಭುಜ ಕುಣಿಯುವುದು ನಿಲ್ಲಲಿಲ್ಲ.

ದೊರೆ ದಡದಡನೆ ಮೆಟ್ಟಿಲಿಳಿದು ಬಂದ. "ಕೆಂಚವ್ವಾ, ಇದೆಲ್ಲ ನಿನ್ನಿಂದಲೇ!"

"ನಾನು ಹೇಳಿದ್ದು ಕುಂಬಳಕಾಯಿ ಹೆದರುತ್ತದೆ ಅಂತ, ಅಷ್ಟೇ ಬುದ್ಧಿ. ಹೇಳಬಾರದ ಹಲ್ಲಿಯ ಮಾತನ್ನು ನಿಜ ಮಾಡಿದವರು ತಾವೇ." ಕೆಂಚವ್ವ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಗಾಡಿಯ ಕಡೆ ತಿರುಗಿದಳು. "ಗಡಿಪಾರಿನ ಗಾಡಿ ಕಾಯುತ್ತಿದೆ. ಮುಂದೆ ಕೂರುವುದು ಯಾರು, ತಾವೋ ನಾನೋ?"

ದೊರೆ ಗಾಡಿ ನೋಡಿದ, ಅವಳನ್ನು ನೋಡಿದ, ಬೆರಳಿಗಂಟಿದ ಕಾಡಿಗೆ ನೋಡಿಕೊಂಡ. ಗಡಸಾಗಿರಲು ಬಹಳ ಪ್ರಯತ್ನಪಟ್ಟ, ಆಗಲಿಲ್ಲ. ಆಯುಧಪೂಜೆಯ ದಿನಕ್ಕಿಂತ ಜೋರಾಗಿ ನಕ್ಕುಬಿಟ್ಟ.

ಅದೇ ಗಾಡಿಯಲ್ಲಿ ಅರಮನೆಯ ವೈದ್ಯರು ಕೆಂಚವ್ವನ ಮನೆಗೆ ಬಂದು ಮಗುವಿಗೆ ಮದ್ದು ಅರೆದು ಕೊಟ್ಟರು. ಜೊತೆಗೆ ದೊರೆ ಕಳಿಸಿದ ದೊಡ್ಡದೊಂದು ಬೂದುಗುಂಬಳಕಾಯಿಯೂ ಇತ್ತು. "ಇದಕ್ಕೆ ಜೀವದಾನ ಕೊಟ್ಟಿದ್ದೇನೆ," ಎಂದು ಹೇಳಿಕಳಿಸಿದ್ದ.

ಕೆಂಚವ್ವ ಅದನ್ನು ಅವತ್ತೇ ಹೆಚ್ಚಿ ಮಜ್ಜಿಗೆಹುಳಿ ಮಾಡಿದಳು. ಒಂದು ಪಾತ್ರೆ ಅರಮನೆಗೂ ಹೋಯಿತು, ಮಾತಿನ ಸಮೇತ: "ಬುದ್ಧಿಯವರಿಗೆ ಹೇಳಿ, ನಮ್ಮ ಈಳಿಗೆಮಣೆಯೂ ಶೂರನೇ."