ಮುತ್ಯಾನ ಎಡೆ

ಒಬ್ಬಳು ಸಾಕ್ಷ್ಯಚಿತ್ರ ತೆಗೆಯುವವಳು. ಎಲ್ಲವೂ ಕಣ್ಣೆದುರೇ ನಡೆಯಿತು, ಕ್ಯಾಮೆರಾ ಕೈಯಲ್ಲೇ ಇತ್ತು, ಬೆಳಕೂ ಬೇಕಾದಷ್ಟಿತ್ತು. ಆದರೂ ನಡೆದದ್ದರಲ್ಲಿ ಒಂದು ಚೂರೂ ಅದರೊಳಗೆ ಇಲ್ಲ. ಏನಾಗಿರಬಹುದು? ಊಹೆ ಮಾಡಿ ನೋಡೋಣ.

ಬ್ಯಾಟರಿ ಮುಗಿಯಿತೆ? ಅಲ್ಲ. ಮುಚ್ಚಳ ತೆಗೆಯಲಿಲ್ಲವೆ? ಅದೂ ಅಲ್ಲ ಸ್ವಾಮಿ, ಅಷ್ಟು ದಡ್ಡಿಯಲ್ಲ. ತಡೆಯಿರಿ, ಹೇಳುತ್ತೇನೆ.

ಅವಳ ಹೆಸರು ಶಾಲ್ಮಲಾ. ಗುರುಗಳು ಚನ್ನಬಸಯ್ಯನವರು. ಹಾಳು ಗುಡಿ, ಹೂತುಹೋದ ಊರು, ಅಲ್ಲಿನ ಜನ ಎಂದು ಚಿತ್ರ ತೆಗೆಯುತ್ತ ತಿರುಗಿ ತಿರುಗಿ ಮೊಣಕಾಲು ಸವೆಸಿಕೊಂಡವರು.

ಇಬ್ಬರೂ ದಣಿದು ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಬಂದಿದ್ದರು. ಅಲ್ಲೊಂದು ವೀರಗಲ್ಲು. ಎಂದೋ ಊರ ದನ ಬಿಡಿಸಲು ಹೋಗಿ ಸತ್ತವನದು. ನಮಗೆ ಅದು ಶಿಲ್ಪ. ಆ ಊರಿನ ಅಜ್ಜಿ ಫಕೀರವ್ವನ ಮನೆತನಕ್ಕೆ ಅವನು ಮುತ್ಯಾ, ಮನೆಯ ಹಿರಿಯ.

ವರ್ಷಕ್ಕೊಮ್ಮೆ, ಮಾನಮಿ ಅಮಾಸಿಗೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಮುತ್ಯಾನಿಗೆ ಎಡೆ. ಫಕೀರವ್ವ ಎಡೆಯಿಟ್ಟು, ತಲೆ ತುಂಬ ಸೆರಗು ಹೊದ್ದು, ಕಲ್ಲಿಗೆ ಬೆನ್ನು ಮಾಡಿ ಕೂರಬೇಕು. "ಮುತ್ಯಾ ಉಂಡ" ಎಂದು ಅವಳು ಅಂದ ಮೇಲೆಯೇ ಮನೆಯವರ ಬಾಯಿಗೆ ತುತ್ತು. ಅಲ್ಲಿಯತನಕ ಎಲ್ಲರೂ ಉಪವಾಸ.

ಆ ಮಾತೇ ಶಾಲ್ಮಲೆಯ ಚಿತ್ರದ ಜೀವ. ಚಿತ್ರ ತೋರಿಸುವ ದಿನ ಆಗಲೇ ನಿಗದಿಯಾಗಿತ್ತು. ಇನ್ನೊಂದು ವರ್ಷ ಕಾಯುವಂತಿರಲಿಲ್ಲ.

ಮಧ್ಯಾಹ್ನ ಎಡೆಯಾಯಿತು. ಫಕೀರವ್ವ ಆ ಮಾತು ಅಂದಳು. ಶಾಲ್ಮಲಾ ಉಸಿರು ಬಿಗಿಹಿಡಿದು ಚಿತ್ರಿಸಿದಳು.

ಆಮೇಲೆ ನೋಡಿದರೆ ಕ್ಯಾಮೆರಾದೊಳಗೆ ಅವಳದೇ ಚಪ್ಪಲಿ! ದಾರಿಯಲ್ಲೇ ಗುಂಡಿ ಒತ್ತಿಹೋಗಿತ್ತು. ಎಡೆಯ ಹೊತ್ತಿಗೆ ಚಾಲು ಮಾಡಲೆಂದು ಒತ್ತಿದವಳು ಬಂದ್ ಮಾಡಿದ್ದಳು. ಫಕೀರವ್ವನ ಬಳಿ ಓಡಿದಳು.

"ಯಮ್ಮಾ, ಇನ್ನೊಮ್ಮೆ ಎಡಿ ಇಡ್ರಿ. ಬರೇ ಇಟ್ಟಂಗ ಮಾಡಿದ್ರ ಸಾಕು."

"ಅಂವ ಉಂಡಾನ ಯವ್ವಾ. ಉಂಡು ಎದ್ದಾನ."

"ಹಂಗಾರ ಆ ಮಾತರ ಅಂದಬಿಡ್ರಿ."

"ಒಮ್ಮೆ ಅಂದೆನಲಾ? ಮುತ್ಯಾಗ ಕೇಳತೈತಿ. ನಿನ್ನ ಡಬ್ಬಿಗಿ ಕೇಳಲಿಲ್ಲಂದ್ರ ನಾ ಏನ್ ಮಾಡ್ಲಿ?"

ಪಂಕ್ತಿಯಲ್ಲಿ ಪತ್ರಾವಳಿ ಹಾಸಿಕೊಂಡು ಮಕ್ಕಳು ಮರಿ ಕೂತಿದ್ದರು. ಬಂದವರನ್ನು ಬಿಟ್ಟು ಉಣ್ಣುವುದು ಹೇಗೆಂದು ಯಾರೂ ಬಡಿಸಿಕೊಳ್ಳಲಿಲ್ಲ.

ಶಾಲ್ಮಲಾ ಗುರುಗಳ ಕಡೆ ತಿರುಗಿದಳು. "ಸರ್, ನೀವರ ಹೇಳ್ರಿ."

ಚನ್ನಬಸಯ್ಯನವರು ಮೊಣಕಾಲು ಹಿಡಿದು, ಉಸ್ಸೆಂದು ಪಂಕ್ತಿಯಲ್ಲೇ ಕೂತರು. "ಮೊದಲ ಉಣ್ಣು. ಆಮ್ಯಾಲೆ ಕೇಳೂಣು."

ಅವಳು ಸಿಟ್ಟಿನಲ್ಲೇ ಕೂತಳು. ಹೋಳಿಗೆ, ಕಟ್ಟಿನ ಸಾರು. ಸಿಟ್ಟಿದ್ದರೂ ಹಸಿವೆ ಬಿಡುತ್ತದೆಯೆ? ಹೊಟ್ಟೆ ತುಂಬ ಉಂಡಳು.

ಕೈ ತೊಳೆದು ಬಂದರೆ ಅವಳ ಜಾಗದಲ್ಲಿ ಹೊಸ ಪತ್ರಾವಳಿ. ಗುರುಗಳೇ ಬಡಿಸುತ್ತಿದ್ದಾರೆ.

"ಇದೇನ್ರಿ ಸರ್?"

"ಕೂಡು. ಇನ್ನೊಮ್ಮೆ ಉಣ್ಣು."

"ಈಗ ಉಂಡೆನಲ್ರಿ!"

"ನಾ ನೋಡಲಿಲ್ಲ."

"ಹೊಟ್ಟಿ ತುಂಬೈತ್ರಿ. ಒಂದ ಅಗಳೂ ಇಳಿಯೂದಿಲ್ಲ."

"ಬರೇ ಉಂಡಂಗ ಮಾಡು. ಮಾರಿ ಮಾತ್ರ ಖರೇ ಹಸದಾವ್ರಂಗ ಇರ್ಲಿ."

ಪಂಕ್ತಿಯೆಲ್ಲ ನಕ್ಕಿತು. ಶಾಲ್ಮಲಾ ನಗಲಿಲ್ಲ. ಪತ್ರಾವಳಿಯನ್ನು ನೋಡಿದಳು. ಕಲ್ಲಿನ ಮುಂದಿನ ಎಡೆಯನ್ನು ನೋಡಿದಳು. ಕ್ಯಾಮೆರಾ ಚೀಲಕ್ಕೆ ಹಾಕಿ, ಫಕೀರವ್ವನ ಕಾಲು ಮುಟ್ಟಿದಳು.

ಹೊಳೆ ದಂಡೆ ಹಿಡಿದು ಇಬ್ಬರೂ ಹೊರಟರು.

"ಚಿತ್ರದಾಗ ಆ ಜಾಗಾ ಖಾಲಿ ಉಳೀತದರಿ ಸರ್. ಅಲ್ಲೇನ್ ತೋರಸ್ಲಿ?"

"ಏನೂ ತೋರಸಬ್ಯಾಡ. ತೆರಿ ಕಪ್ಪ ಇರ್ಲಿ." ಗುರುಗಳು ದಂಡೆಯ ಮೇಲೆ ಕುಸಿದು ಕೂತು ಕಾಲು ಚಾಚಿದರು. "ನೀನ ಬಾಯ್ಲೆ ಹೇಳು: ಮುತ್ಯಾ ಉಂಡ ಮ್ಯಾಲೆ ನಾನೂ ಅವರ ಪಂಕ್ತಿಯಾಗ ಕುಂತು ಉಂಡೆ. ಮಾನಮಿ ಅಮಾಸಿ, ಮಂಗಳವಾರ."